777 ಎಂಬ ಅನುಮತಿ: ಲಿನಕ್ಸ್ ಕೋಶಗಳ ಕಾವಲು ಕುರಿತ ಒಂದು ವಿಮರ್ಶೆ

ಲಿನಕ್ಸ್ ಕಂಪ್ಯೂಟರುಗಳಲ್ಲಿ ಕೆಲಸ ಮಾಡಿದವರಿಗೆ 'ಅನುಮತಿ ಇಲ್ಲ' ಎಂಬ ಸಂದೇಶ ಹೊಸದಲ್ಲ. ಅದು ತೆರೆಯ ಮೇಲೆ ಮೂಡಿದೊಡನೆ ಪಕ್ಕದಲ್ಲಿದ್ದವರು ಕೊಡುವ ಸಲಹೆಯೂ ಹೊಸದಲ್ಲ: "ಚ್‌ಮಾಡ್ 777 ಕೊಟ್ಟುಬಿಡಿ, ಸರಿಹೋಗುತ್ತದೆ." ಕೊಟ್ಟರೆ ಸರಿಹೋಗುವುದೂ ನಿಜ. ಬೀಗ ತೆಗೆಯಲು ಬಾರದಿದ್ದಾಗ ಬಾಗಿಲನ್ನೇ ಕಿತ್ತಿಟ್ಟರೆ ಒಳಗೆ ಹೋಗಲು ಅಡ್ಡಿ ಇರುವುದಿಲ್ಲ. ಆದರೆ ಅಂದಿನಿಂದ ಆ ಕೋಣೆಗೆ ಬಾಗಿಲಿಲ್ಲ ಎಂಬುದನ್ನು ಎಲ್ಲರೂ ಮರೆತುಬಿಡುತ್ತಾರೆ.

ಈ ಸಲಹೆಯನ್ನು ನಾನೂ ಪಾಲಿಸಿದ್ದೇನೆ. ಅದರ ಬೆಲೆಯನ್ನು ನನಗಿಂತ ಹೆಚ್ಚಾಗಿ ನನ್ನ ವಿದ್ಯಾರ್ಥಿಗಳು ತೆತ್ತರು. ಹಲವು ವರ್ಷಗಳ ಹಿಂದೆ ನಾನು ಪಾಠ ಮಾಡುತ್ತಿದ್ದ ಭೌತವಿಜ್ಞಾನ ವಿಭಾಗದಲ್ಲಿ 20 ಲಿನಕ್ಸ್ ಕಂಪ್ಯೂಟರುಗಳಿದ್ದವು. ವಿದ್ಯಾರ್ಥಿಗಳ ಹೆಸರು, ಪಾಸ್‌ವರ್ಡುಗಳೆಲ್ಲ ಒಂದೇ ಸರ್ವರಿನಲ್ಲಿದ್ದವು. ಯಾರು ಯಾವ ಕಂಪ್ಯೂಟರಿನ ಮುಂದೆ ಕುಳಿತರೂ ತಮ್ಮ ಹೆಸರಿನಿಂದಲೇ ಪ್ರವೇಶಿಸಬಹುದಿತ್ತು. ಪ್ರಯೋಗಗಳ ಅಳತೆಗಳನ್ನು ಇಡಲು ಎಲ್ಲರಿಗೂ ಸೇರಿದ ಒಂದು ಡೈರೆಕ್ಟರಿ ಇತ್ತು. ಒಬ್ಬರು ಬರೆದ ಕಡತವನ್ನು ಇನ್ನೊಬ್ಬರು ತೆರೆಯಲಾಗುತ್ತಿಲ್ಲ ಎಂಬ ದೂರು ವಾರವಾರವೂ ಬರುತ್ತಿತ್ತು. ಬೇಸತ್ತು ಒಂದು ದಿನ ನಾನೇ ಇಡೀ ಡೈರೆಕ್ಟರಿಗೆ 777 ಕೊಡಿಸಿದೆ. ದೂರುಗಳು ನಿಂತವು.

ಅದೇ ವರ್ಷ ಇಬ್ಬರು ಎಂ.ಎಸ್‌ಸಿ. ವಿದ್ಯಾರ್ಥಿಗಳು ಗೀಗರ್-ಮುಲ್ಲರ್ ಕೊಳವೆಯಿಂದ ಹಿನ್ನೆಲೆ ವಿಕಿರಣವನ್ನು 3 ವಾರ ಬಿಡದೆ ಎಣಿಸಿದರು. ಗಂಟೆಗೊಂದು ಕಡತದಂತೆ 504 ಕಡತಗಳು. ವರದಿ ಸಲ್ಲಿಸಲು 10 ದಿನ ಉಳಿದಿದ್ದಾಗ ಒಂದು ಬೆಳಿಗ್ಗೆ ನೋಡಿದರೆ ಒಂದು ಕಡತವೂ ಇಲ್ಲ. ಪ್ರತಿ ತೆಗೆದಿಡುವ ವ್ಯವಸ್ಥೆಯನ್ನು ನಾವು ಮಾಡಿರಲಿಲ್ಲ. ಅದು ನನ್ನ ಇನ್ನೊಂದು ತಪ್ಪು. ಯಾರು ಅಳಿಸಿದರು? ಅಳಿದುಹೋದ ಕಡತ ಅಳಿಸಿದವರ ಹೆಸರನ್ನು ಬರೆದಿಟ್ಟು ಹೋಗುವುದಿಲ್ಲ. ಹಿಂದಿನ ಸಂಜೆ ಕೊನೆಯವರೆಗೂ ಪ್ರಯೋಗಾಲಯದಲ್ಲಿದ್ದ ಒಬ್ಬ ಹುಡುಗನ ಮೇಲೆ ಎಲ್ಲರ ಕಣ್ಣು ಬಿತ್ತು. ನಾನೂ ಅವನನ್ನು ಕರೆದು ಗದರಿಸಿದೆ. 2 ವಾರಗಳ ನಂತರ ಬೇರೊಬ್ಬ ವಿದ್ಯಾರ್ಥಿನಿ ತಾನಾಗಿಯೇ ಬಂದು ನಿಜ ಹೇಳಿದಳು. ತನ್ನ ಹಳೆಯ ಕಡತಗಳನ್ನು ತೆಗೆದುಹಾಕಲು ಅವಳು ಬರೆದಿದ್ದ ಸಣ್ಣ ಪ್ರೋಗ್ರಾಮಿನಲ್ಲಿ ಡೈರೆಕ್ಟರಿಯ ವಿಳಾಸ ಒಂದು ಮೆಟ್ಟಿಲು ಮೇಲಿನದಾಗಿತ್ತು. ಪ್ರೋಗ್ರಾಮಿನಲ್ಲಿ ತಪ್ಪಾಗುವುದು ಸಹಜ. ಅಂಥ ತಪ್ಪು ಇನ್ನೊಬ್ಬರ ಕಡತಗಳನ್ನು ಮುಟ್ಟದಂತೆ ತಡೆಯಬೇಕಾಗಿದ್ದ ಬಾಗಿಲನ್ನು ಕಿತ್ತಿದ್ದವನು ನಾನು.

ಹುಡುಗನ ಕ್ಷಮೆ ಕೇಳಿದೆ. ಆ ಇಬ್ಬರು ಅಷ್ಟರಲ್ಲಿ 7 ದಿನಗಳ ಎಣಿಕೆಯನ್ನು ಮತ್ತೆ ಮಾಡಿ, 168 ಕಡತಗಳಿಂದ ವರದಿ ಬರೆದಿದ್ದರು. ಎಣಿಕೆ ಮೂರನೆಯ ಒಂದು ಭಾಗಕ್ಕೆ ಇಳಿದರೆ ಸಾಪೇಕ್ಷ ದೋಷ ಸುಮಾರು 1.7 ಪಟ್ಟು ಹೆಚ್ಚುತ್ತದೆ ಎಂಬುದು ನಿಮಗೆ ಗೊತ್ತು. 777 ಎಂಬ ಮೂರು ಅಂಕಿಗಳು ಅವರ ಅಳತೆಯೊಳಕ್ಕೆ ಹೀಗೆ ಸೇರಿಕೊಂಡವು.

ಬಳಕೆದಾರರನ್ನು ಒಂದೇ ಕಡೆಯಿಂದ ನಿರ್ವಹಿಸುವ ಲಿನಕ್ಸ್ ಜಾಲಗಳಲ್ಲಿ ಇಂಥ ಪ್ರಸಂಗಗಳು ಮತ್ತೆ ಮತ್ತೆ ನಡೆಯುತ್ತವೆ. ದೋಷ ಬಳಸುವವರ ತಿಳಿವಳಿಕೆಯದೋ, ವ್ಯವಸ್ಥೆಯ ವಿನ್ಯಾಸದ್ದೋ? ಇದನ್ನು ಸ್ವಲ್ಪ ಸಾವಧಾನವಾಗಿ ಪರಿಶೀಲಿಸೋಣ. ಮೊದಲಿಗೆ ಪದಗಳ ಒಂದು ತೊಡಕನ್ನು ಬಿಡಿಸಿಕೊಳ್ಳಬೇಕು. ಕಡತಗಳನ್ನು ಇಡುವ ಜಾಗಕ್ಕೂ 'ಡೈರೆಕ್ಟರಿ' ಎನ್ನುತ್ತಾರೆ; ಬಳಕೆದಾರರ ವಿವರಗಳನ್ನು ಇಡುವ ಕೇಂದ್ರ ಸೇವೆಗೂ 'ಡೈರೆಕ್ಟರಿ' ಎನ್ನುತ್ತಾರೆ. ಈ ಲೇಖನದಲ್ಲಿ ಮೊದಲನೆಯದನ್ನು ಕೋಶ ಎಂದೂ ಎರಡನೆಯದನ್ನು ಕೇಂದ್ರ ದಾಖಲೆ ಎಂದೂ ಕರೆಯೋಣ.

ಒಂಬತ್ತು ಬಿಟ್ಟುಗಳ ಮಿತವ್ಯಯ

ಯುನಿಕ್ಸ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅದರ ಮುಖ್ಯ ನಿರ್ಮಾಪಕರು. 1971ರ ನವೆಂಬರಿನಲ್ಲಿ ಸಿದ್ಧವಾದ ಅದರ ಕೈಪಿಡಿಯ ಮೊದಲ ಆವೃತ್ತಿಯಲ್ಲೇ 'ಚ್‌ಮಾಡ್' ಆಜ್ಞೆ ಇದೆ. ಆಗ ಇದ್ದದ್ದು ಎರಡೇ ವರ್ಗ: ಕಡತದ ಒಡೆಯ ಮತ್ತು ಒಡೆಯರಲ್ಲದವರು. ಗುಂಪು ಎಂಬ ಮೂರನೆಯ ವರ್ಗ ಆಮೇಲೆ ಬಂತು. ಒಡೆಯ, ಗುಂಪು, ಇತರರು ಎಂಬ ಮೂರು ವರ್ಗಗಳಿಗೆ ಓದುವ, ಬರೆಯುವ, ನಡೆಸುವ ಮೂರು ಅನುಮತಿಗಳು. ಒಟ್ಟು 9 ಬಿಟ್ಟುಗಳು. ಓದಲು 4, ಬರೆಯಲು 2, ನಡೆಸಲು 1. ಮೂರನ್ನೂ ಕೂಡಿದರೆ 7. ಮೂವರಿಗೂ 7 ಕೊಟ್ಟರೆ 777. 1991ರಲ್ಲಿ ಬಂದ ಲಿನಕ್ಸ್ ಈ ಏರ್ಪಾಡನ್ನು ಹಾಗೆಯೇ ಸ್ವೀಕರಿಸಿತು.

ಇದರ ಗುಣವನ್ನು ಮೊದಲು ಹೇಳಬೇಕು. ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ಕೆಲಸ ಮಾಡಿದ ವಿನ್ಯಾಸಗಳು ಕಂಪ್ಯೂಟರ್ ವಿಜ್ಞಾನದಲ್ಲಿ ವಿರಳ. ಒಂದು ಸಾಲನ್ನು ನೋಡಿದರೆ ಯಾರು ಏನು ಮಾಡಬಹುದು ಎಂದು ಹೇಳಿಬಿಡಬಹುದು. ಪರಿಶೀಲನೆಗೆ ಬೇರೆ ತಂತ್ರಾಂಶ ಬೇಡ. ಐದು ದಶಕಗಳ ನಂತರವೂ ಅದು ಬದಲಾಗದೆ ಉಳಿದಿರುವುದಕ್ಕೆ ಕಾರಣ ಈ ಸರಳತೆಯೇ.

ಸರಳತೆಯೊಳಗೆ ಒಂದು ಸೂಕ್ಷ್ಮವಿದೆ. ಕರ್ನಲ್ ಮೂರು ವರ್ಗಗಳ ಅನುಮತಿಗಳನ್ನು ಕೂಡಿಸಿ ನೋಡುವುದಿಲ್ಲ. ನೀವು ಒಡೆಯರಾದರೆ ಒಡೆಯರ ಮೂರು ಬಿಟ್ಟುಗಳನ್ನು ನೋಡಿ ಅಲ್ಲಿಗೇ ತೀರ್ಮಾನ ಮಾಡುತ್ತದೆ. ಒಡೆಯರಲ್ಲದೆ ಗುಂಪಿನವರಾದರೆ ಗುಂಪಿನ ಬಿಟ್ಟುಗಳಲ್ಲೇ ತೀರ್ಮಾನ. ಕೋಶವೊಂದಕ್ಕೆ 707 ಕೊಟ್ಟು ನೋಡಿ: ಹೊರಗಿನವರೆಲ್ಲ ಒಳಗೆ ಹೋಗುತ್ತಾರೆ, ಗುಂಪಿನ ಸದಸ್ಯರು ಮಾತ್ರ ಬಾಗಿಲಲ್ಲೇ ನಿಲ್ಲುತ್ತಾರೆ. ನಾನು ಕಂಡ ಪ್ರಶ್ನೆಪತ್ರಿಕೆಗಳಲ್ಲಿ '755 ಎಂದರೇನು?' ಎಂಬ ಕೂಡುವ ಲೆಕ್ಕ ಇರುತ್ತದೆ. '707 ಕೊಟ್ಟರೆ ಯಾರು ಹೊರಗುಳಿಯುತ್ತಾರೆ?' ಎಂಬ ಪ್ರಶ್ನೆ ಇರುವುದಿಲ್ಲ. ಅಂಕಿಗಳನ್ನು ಕೂಡಲು ಕಲಿಸುತ್ತೇವೆ, ಅನುಮತಿಯನ್ನು ಓದಲು ಕಲಿಸುವುದಿಲ್ಲ.

ಕೋಶ ಒಂದು ಹಾಜರಿ ಪುಸ್ತಕ

ಕಲಿಸದೆ ಬಿಟ್ಟ ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಕೋಶವೆಂದರೆ ಕಡತಗಳನ್ನು ತುಂಬಿದ ಪೆಟ್ಟಿಗೆ ಎಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅದು ಒಂದು ಪಟ್ಟಿ. ತರಗತಿಯ ಹಾಜರಿ ಪುಸ್ತಕದಂಥದು. ಅದರಲ್ಲಿ ಕಡತಗಳ ಹೆಸರುಗಳು ಮತ್ತು ಪ್ರತಿ ಹೆಸರಿನ ಎದುರಿಗೆ ಐನೋಡ್ ಎಂಬ ಒಂದು ಸಂಖ್ಯೆ ಇರುತ್ತವೆ. ಕಡತದ ನಿಜವಾದ ವಿವರಗಳು ಬೇರೆಡೆ ಇರುತ್ತವೆ.

ಹೀಗೆ ನೋಡಿದರೆ ಕೋಶದ ಮೇಲಿನ ಮೂರು ಅನುಮತಿಗಳ ಅರ್ಥ ತಾನಾಗಿ ತಿಳಿಯುತ್ತದೆ. 'ಓದು' ಎಂದರೆ ಪಟ್ಟಿಯಲ್ಲಿರುವ ಹೆಸರುಗಳನ್ನು ಓದಬಹುದು. 'ನಡೆಸು' ಎಂದರೆ ಹೆಸರು ಹಿಡಿದು ಕರೆದು ಆ ಕಡತವನ್ನು ತಲುಪಬಹುದು. 'ಬರೆ' ಎಂದರೆ, ನಡೆಸುವ ಅನುಮತಿಯೂ ಜೊತೆಗಿದ್ದಾಗ, ಪಟ್ಟಿಗೆ ಹೊಸ ಹೆಸರು ಸೇರಿಸಬಹುದು, ಇದ್ದ ಹೆಸರನ್ನು ಹೊಡೆದುಹಾಕಬಹುದು. ಹಾಜರಿ ಪುಸ್ತಕದಿಂದ ಒಬ್ಬ ವಿದ್ಯಾರ್ಥಿಯ ಹೆಸರು ಹೊಡೆಯಲು ಪುಸ್ತಕ ಮತ್ತು ಪೆನ್ನು ಕೈಯಲ್ಲಿದ್ದರೆ ಸಾಕು. ಆ ವಿದ್ಯಾರ್ಥಿಯ ಒಪ್ಪಿಗೆ ಬೇಕಿಲ್ಲ. ಕಡತವನ್ನು ಅಳಿಸುವುದೂ ಹೀಗೆಯೇ. ಅದಕ್ಕೆ ಬೇಕಾದದ್ದು ಕೋಶದ ಮೇಲಿನ ಅನುಮತಿ. ಕಡತದ ಮೇಲಿನ ಅನುಮತಿ ಲೆಕ್ಕಕ್ಕೇ ಬರುವುದಿಲ್ಲ.

ನಮ್ಮ ಇಬ್ಬರು ವಿದ್ಯಾರ್ಥಿಗಳು ತಮ್ಮ 504 ಕಡತಗಳಿಗೂ 'ಓದಲು ಮಾತ್ರ' ಎಂಬ ಅನುಮತಿ ಕೊಟ್ಟಿದ್ದರೂ ಅವು ಉಳಿಯುತ್ತಿರಲಿಲ್ಲ. ಕೋಶಕ್ಕೆ 777 ಇರುವಾಗ ಕಡತಕ್ಕೆ 400 ಕೊಟ್ಟು ಪ್ರಯೋಜನವಿಲ್ಲ. 'ಆರ್‌ಎಂ' ಆಜ್ಞೆ 'ಅಳಿಸಲೇ?' ಎಂದು ಒಮ್ಮೆ ಕೇಳಬಹುದು. ಪ್ರೋಗ್ರಾಮಿನಿಂದ ಅಳಿಸುವಾಗ ಆ ಪ್ರಶ್ನೆಯೂ ಇಲ್ಲ.

ಇದಕ್ಕೆ ಪರಿಹಾರ ಲಿನಕ್ಸಿನಲ್ಲೇ ಇದೆ. ಎಲ್ಲರೂ ತಾತ್ಕಾಲಿಕ ಕಡತಗಳನ್ನು ಇಡುವ 'ಟಿಎಂಪಿ' ಕೋಶವನ್ನು ಗಮನಿಸಿ. ಅದರ ಅನುಮತಿ 777 ಅಲ್ಲ, 1777. ಮುಂದಿನ 1 ಎಂಬುದು ಅಂಟು ಬಿಟ್. ಅದು ಇದ್ದ ಕೋಶದಲ್ಲಿ ಕಡತವನ್ನು ಅಳಿಸಲು ಅಥವಾ ಹೆಸರು ಬದಲಿಸಲು ಕಡತದ ಒಡೆಯ, ಕೋಶದ ಒಡೆಯ, ಮತ್ತು ರೂಟ್ ಎಂಬ ಮೇಲ್ವಿಚಾರಕ ಇವರಿಗೆ ಮಾತ್ರ ಸಾಧ್ಯ. ಆ ಒಂದು ಅಂಕಿ ನಮ್ಮ ಪ್ರಯೋಗಾಲಯದಲ್ಲಿ ಇದ್ದಿದ್ದರೆ ಆ ಪ್ರೋಗ್ರಾಮು ತನ್ನ ಒಡತಿಯ ಕಡತಗಳನ್ನಷ್ಟೇ ಅಳಿಸಿ, ಉಳಿದವಕ್ಕೆ 'ಅನುಮತಿ ಇಲ್ಲ' ಎಂದು ವರದಿ ಮಾಡಿ ನಿಲ್ಲುತ್ತಿತ್ತು.

ಕೋಶಗಳ ಬಗೆಗೆ ಇನ್ನೊಂದು ಮಾತು. ಒಂದು ಕಡತವನ್ನು ತಲುಪಬೇಕಾದರೆ ದಾರಿಯಲ್ಲಿರುವ ಪ್ರತಿಯೊಂದು ಕೋಶದ ಮೇಲೂ ನಡೆಸುವ ಅನುಮತಿ ಇರಬೇಕು. ಸರಣಿಯಲ್ಲಿ ಜೋಡಿಸಿದ ಸ್ವಿಚ್ಚುಗಳಂತೆ, ಒಂದು ತೆರೆದಿದ್ದರೂ ದೀಪ ಉರಿಯುವುದಿಲ್ಲ. ಬಹಳ ಸಲ ದೋಷ ಮೇಲಿನ ಕೋಶದಲ್ಲಿರುತ್ತದೆ. ನಾವು ಕೆಳಗಿನ ಕಡತಕ್ಕೆ 777 ಕೊಡುತ್ತೇವೆ. ಕೆಲಸವಾಗದಿದ್ದಾಗ ರೇಗಿ, ಮೇಲಿನಿಂದ ಕೆಳಗಿನವರೆಗೆ ಎಲ್ಲಕ್ಕೂ ಒಟ್ಟಿಗೆ ಕೊಟ್ಟುಬಿಡುತ್ತೇವೆ. ಆಗ ಅಳತೆಗಳ ಕಡತಗಳೂ ನಡೆಸಬಹುದಾದ ಪ್ರೋಗ್ರಾಮುಗಳೆಂದು ಗುರುತಾಗುತ್ತವೆ. ಬಳಕೆದಾರರ ಮನೆ ಕೋಶಕ್ಕೆ ಹೀಗೆ ಮಾಡಿದರೆ, ಕೀಲಿ ಬಳಸಿ ದೂರದಿಂದ ಪ್ರವೇಶಿಸುವ ಎಸ್‌ಎಸ್‌ಎಚ್ ಸೌಲಭ್ಯ ಕೆಲಸ ನಿಲ್ಲಿಸುತ್ತದೆ. ಬೇರೆಯವರು ತಿದ್ದಬಹುದಾದ ಜಾಗದಲ್ಲಿರುವ ಕೀಲಿಯನ್ನು ಅದು ನಂಬುವುದಿಲ್ಲ. ನಮಗಿಲ್ಲದ ಎಚ್ಚರ ಆ ತಂತ್ರಾಂಶಕ್ಕಿದೆ.

ಹೆಸರು ಕೇಂದ್ರದಲ್ಲಿ, ಸಂಖ್ಯೆ ಡಿಸ್ಕಿನಲ್ಲಿ

ಇಲ್ಲಿಯವರೆಗಿನದು ಒಂದೇ ಕಂಪ್ಯೂಟರಿಗೂ ಅನ್ವಯಿಸುವ ಮಾತು. ಕಂಪ್ಯೂಟರುಗಳು 20 ಆದಾಗ ಹೊಸದೊಂದು ತೊಡಕು ಸೇರಿಕೊಳ್ಳುತ್ತದೆ.

'ಎಲ್‌ಎಸ್ -ಎಲ್' ಆಜ್ಞೆ ಕೊಟ್ಟರೆ ಪ್ರತಿ ಕಡತದ ಒಡೆಯರ ಹೆಸರು ಕಾಣುತ್ತದೆ. ಆ ಹೆಸರು ಡಿಸ್ಕಿನಲ್ಲಿ ಇಲ್ಲ. ಅಲ್ಲಿರುವುದು ಯುಐಡಿ ಎಂಬ ಒಂದು ಸಂಖ್ಯೆ. 'ಎಲ್‌ಎಸ್ -ಎಲ್‌ಎನ್' ಎಂದು ಕೊಟ್ಟರೆ ಆ ಸಂಖ್ಯೆಗಳನ್ನೇ ನೋಡಬಹುದು. ಸಂಖ್ಯೆಯನ್ನು ಹೆಸರಾಗಿ ತೋರಿಸುವುದು ಪ್ರತ್ಯೇಕ ಕೆಲಸ. ಒಂಟಿ ಕಂಪ್ಯೂಟರಿನಲ್ಲಿ ಅದನ್ನು 'ಪಾಸ್‌ವರ್ಡ್' ಕಡತದಿಂದ ಮಾಡುತ್ತಾರೆ. ಕಂಪ್ಯೂಟರುಗಳು ಹೆಚ್ಚಿದಾಗ ಆ ಕಡತವನ್ನು ಎಲ್ಲ ಕಡೆಯೂ ಒಂದೇ ರೀತಿ ಇಡುವುದು ಕಷ್ಟ. ಇದಕ್ಕಾಗಿ 1980ರ ದಶಕದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಎನ್‌ಐಎಸ್ ಎಂಬ ಸೇವೆಯನ್ನು ತಂದಿತು. 1993ರಲ್ಲಿ ಎಲ್‌ಡ್ಯಾಪ್ ವಿಧಿಯ ಮೊದಲ ನಿರೂಪಣೆ ಪ್ರಕಟವಾಯಿತು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅದು ಬೆಳೆಯಿತು. ಯುನಿಕ್ಸ್ ಬಳಕೆದಾರರ ಸಂಖ್ಯೆಗಳನ್ನು ಎಲ್‌ಡ್ಯಾಪ್ ದಾಖಲೆಯಲ್ಲಿ ಇಡುವ ಬಗೆಯನ್ನು 1998ರಲ್ಲಿ ಆರ್‌ಎಫ್‌ಸಿ 2307 ಎಂಬ ದಸ್ತಾವೇಜು ವಿವರಿಸಿತು. ಇಂದು ಫ್ರೀಐಪಿಎ, ಮೈಕ್ರೋಸಾಫ್ಟಿನ ಆ್ಯಕ್ಟಿವ್ ಡೈರೆಕ್ಟರಿ ಮೊದಲಾದವು ಕೇಂದ್ರ ದಾಖಲೆಯ ಕೆಲಸ ಮಾಡುತ್ತವೆ. ಲಿನಕ್ಸ್ ಕಂಪ್ಯೂಟರಿನ ಬದಿಯಲ್ಲಿ ಎಸ್‌ಎಸ್‌ಎಸ್‌ಡಿ ಎಂಬ ಸೇವೆ ಅವುಗಳೊಡನೆ ಮಾತನಾಡುತ್ತದೆ.

ಕೇಂದ್ರ ದಾಖಲೆ ಹೇಳುವುದು ಇಷ್ಟು: ಈ ಹೆಸರಿನವರ ಸಂಖ್ಯೆ ಇದು, ಇವರು ಈ ಈ ಗುಂಪುಗಳ ಸದಸ್ಯರು. ಯಾವ ಕೋಶಕ್ಕೆ ಯಾರು ಹೋಗಬಹುದು ಎಂಬುದು ಆಯಾ ಡಿಸ್ಕಿನಲ್ಲಿ, ಸಂಖ್ಯೆಗಳ ರೂಪದಲ್ಲಿ ಉಳಿಯುತ್ತದೆ. ಎರಡರ ನಡುವಿನ ಕೊಂಡಿ ಆ ಸಂಖ್ಯೆ ಮಾತ್ರ. ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲಿಯೇ. ಇಷ್ಟು ಭಾರ ಹೊರುವ ಕೊಂಡಿಯನ್ನು ಕಾಯುವವರು ಯಾರೂ ಇಲ್ಲ. ಕೇಂದ್ರ ದಾಖಲೆಗೆ ಕೋಶಗಳ ಸುದ್ದಿ ತಿಳಿಯದು. ಕೋಶಕ್ಕೆ ಮನುಷ್ಯರ ಸುದ್ದಿ ತಿಳಿಯದು.

ಕೊಂಡಿ ಮೂರು ರೀತಿಯಲ್ಲಿ ತಪ್ಪುತ್ತದೆ. ಒಂದು, ಬೇರೆ ಬೇರೆ ವ್ಯಕ್ತಿಗಳಿಗೆ ಒಂದೇ ಸಂಖ್ಯೆ. ಇಂದಿನ ಬಹುತೇಕ ಲಿನಕ್ಸ್‌ಗಳು ಕಂಪ್ಯೂಟರಿನಲ್ಲೇ ಸೃಷ್ಟಿಸಿದ ಬಳಕೆದಾರರಿಗೆ 1000ದಿಂದ ಸಂಖ್ಯೆ ಕೊಡುತ್ತವೆ. ಕೇಂದ್ರದವರೂ 1000ದಿಂದ ಆರಂಭಿಸಿದರೆ ಸ್ಥಳೀಯ ಬಳಕೆದಾರರೊಬ್ಬರು ಕೇಂದ್ರದ ಬಳಕೆದಾರರೊಬ್ಬರ ಕಡತಗಳಿಗೆ ಒಡೆಯರಾಗಿಬಿಡುತ್ತಾರೆ. ಫ್ರೀಐಪಿಎ ಸ್ಥಾಪಿಸುವಾಗ 2,00,000 ಸಂಖ್ಯೆಗಳ ಒಂದು ವ್ಯಾಪ್ತಿಯನ್ನು ಯಾದೃಚ್ಛಿಕವಾಗಿ ಬಹುದೂರದಲ್ಲಿ ಆರಿಸಿಕೊಳ್ಳುವುದು ಈ ಘರ್ಷಣೆ ತಪ್ಪಿಸಲು.

ಎರಡು, ಒಬ್ಬರಿಗೇ ಎರಡು ಸಂಖ್ಯೆ. ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ವ್ಯಕ್ತಿಯನ್ನು ಗುರುತಿಸಲು ಬಳಸುವುದು ಎಸ್‌ಐಡಿ ಎಂಬ ಉದ್ದನೆಯ ಗುರುತು. ಅದನ್ನು ಲಿನಕ್ಸಿನ ಯುಐಡಿಗೆ ಪರಿವರ್ತಿಸಬೇಕು. ಎಸ್‌ಎಸ್‌ಎಸ್‌ಡಿ ಇದನ್ನು ಗಣಿತದಿಂದ ಲೆಕ್ಕಹಾಕುವುದರಿಂದ, ಹೊಂದಾಣಿಕೆ ಒಂದೇ ಇದ್ದರೆ ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಉತ್ತರ ಬರುತ್ತದೆ. ಸಾಂಬಾ ತಂತ್ರಾಂಶದ ವಿನ್‌ಬೈಂಡ್‌ನಲ್ಲಿರುವ ಟಿಡಿಬಿ ವಿಧಾನ ಹಾಗಲ್ಲ. ಬಂದವರಿಗೆ ಬಂದ ಕ್ರಮದಲ್ಲಿ ಸಂಖ್ಯೆ ಹಂಚುತ್ತದೆ. ಒಂದು ಕಂಪ್ಯೂಟರಿನಲ್ಲಿ ಮೊದಲು ಬಂದವರು ಇನ್ನೊಂದರಲ್ಲಿ ಐದನೆಯವರಾಗಬಹುದು. ಕೋಶ ಒಂಟಿ ಕಂಪ್ಯೂಟರಿನಲ್ಲಿರುವಾಗ ಇದರಿಂದ ತೊಂದರೆಯಿಲ್ಲ. ಎರಡೂ ಕಂಪ್ಯೂಟರುಗಳು ಒಂದೇ ಕೋಶವನ್ನು ಹಂಚಿಕೊಂಡಾಗ ಕಡತಗಳ ಒಡೆತನವೇ ಅದಲುಬದಲಾಗುತ್ತದೆ.

ಮೂರು, ಹಳೆಯ ಸಂಖ್ಯೆ ಹೊಸಬರಿಗೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಓದು ಮುಗಿಸಿ ಹೋದ ವಿದ್ಯಾರ್ಥಿಯ ಹೆಸರನ್ನು ಕೇಂದ್ರ ದಾಖಲೆಯಿಂದ ತೆಗೆದರು. ಅವನ ಕಡತಗಳು ಡಿಸ್ಕಿನಲ್ಲೇ ಉಳಿದವು. 'ಎಲ್‌ಎಸ್' ಆಜ್ಞೆ ಅವುಗಳ ಒಡೆಯನ ಜಾಗದಲ್ಲಿ ಬರಿ ಸಂಖ್ಯೆ ತೋರಿಸುತ್ತಿತ್ತು. ಮರುವರ್ಷ ಖಾಲಿಯಾದ ಆ ಸಂಖ್ಯೆ ಹೊಸ ವಿದ್ಯಾರ್ಥಿನಿಗೆ ಸಿಕ್ಕಿತು. ಮೊದಲ ದಿನವೇ ಆಕೆ, ತಾನೆಂದೂ ಕಾಣದ ಒಬ್ಬನ ಪತ್ರಗಳೂ ಸೇರಿ, ನೂರಾರು ಕಡತಗಳಿಗೆ ಒಡತಿಯಾಗಿದ್ದಳು. ವ್ಯವಸ್ಥೆಯ ದೃಷ್ಟಿಯಲ್ಲಿ ಇದರಲ್ಲಿ ತಪ್ಪೇನೂ ಇರಲಿಲ್ಲ. ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆಯನ್ನು ನಾವು ಎರಡನೆಯವರಿಗೆ ಕೊಡುವುದಿಲ್ಲ. ಯುಐಡಿಗೂ ಅದೇ ನಿಯಮ ಇರಬೇಕು.

ಗುಂಪು: ಮರೆತ ಸಾಧನ

ಕೇಂದ್ರ ದಾಖಲೆಯಿಂದ ಆಗುವ ದೊಡ್ಡ ಲಾಭವೆಂದರೆ ಗುಂಪುಗಳನ್ನು ಒಂದೇ ಕಡೆ ತಿದ್ದಬಹುದು. ಕೋಶಕ್ಕೆ ವ್ಯಕ್ತಿಗಳ ಹೆಸರಿನಲ್ಲಿ ಅನುಮತಿ ಕೊಟ್ಟರೆ ಪ್ರತಿ ಜೂನ್ ತಿಂಗಳಲ್ಲಿ ಎಲ್ಲ ಕೋಶಗಳನ್ನೂ ತಿದ್ದಬೇಕಾಗುತ್ತದೆ. 'ನ್ಯೂಕ್ಲಿಯರ್ ಪ್ರಯೋಗ' ಎಂಬ ಗುಂಪಿಗೆ ಒಮ್ಮೆ ಅನುಮತಿ ಕೊಟ್ಟರೆ ಕೋಶವನ್ನು ಮತ್ತೆ ಮುಟ್ಟಬೇಕಿಲ್ಲ; ಕೇಂದ್ರದಲ್ಲಿ ಸದಸ್ಯರನ್ನು ಬದಲಿಸಿದರೆ ಸಾಕು. ಮನುಷ್ಯರು ಬದಲಾಗುತ್ತಾರೆ, ಪಾತ್ರಗಳು ಉಳಿಯುತ್ತವೆ. ಕೇಂದ್ರ ನಿರ್ವಹಣೆಯಿದ್ದೂ ಗುಂಪುಗಳನ್ನು ಬಳಸದಿರುವುದು ಬಾವಿ ತೋಡಿಸಿ ಹಗ್ಗ ಕೊಳ್ಳದಿರುವಂತೆ.

ಗುಂಪಿನ ಕೋಶಕ್ಕೆ 2770 ಕೊಡುವುದು ಹಳೆಯ ಕ್ರಮ. ಮುಂದಿನ 2 ಎಂಬುದು ಸೆಟ್‌ಜಿಐಡಿ ಬಿಟ್. ಅದಿದ್ದರೆ ಕೋಶದಲ್ಲಿ ಹೊಸದಾಗಿ ಹುಟ್ಟುವ ಕಡತಕ್ಕೆ ಕೋಶದ ಗುಂಪೇ ಬರುತ್ತದೆ. ಆದರೆ ಗುಂಪಿನವರಿಗೆ ಬರೆಯುವ ಅನುಮತಿ ಬರುತ್ತದೋ ಇಲ್ಲವೋ ಎಂಬುದನ್ನು ಯುಮಾಸ್ಕ್ ಎಂಬ ಬೇರೊಂದು ಸಂಖ್ಯೆ ತೀರ್ಮಾನಿಸುತ್ತದೆ. ಯುಮಾಸ್ಕ್ 022 ಇದ್ದರೆ ಹೊಸ ಕಡತ 644 ಆಗುತ್ತದೆ. 002 ಇದ್ದರೆ 664. 'ಗುಂಪು ಸರಿಯಾಗಿದೆ, ಆದರೂ ತಿದ್ದಲಾಗುತ್ತಿಲ್ಲ' ಎಂಬ ದೂರಿನ ಮೂಲ ಬಹಳ ಸಲ ಇದು. ಹಾಗೆಂದು ಯುಮಾಸ್ಕನ್ನು ಎಲ್ಲರಿಗೂ 002 ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಕೇಂದ್ರ ದಾಖಲೆಯಲ್ಲಿ ವಿದ್ಯಾರ್ಥಿಗಳಿಗೆಲ್ಲ ಒಂದೇ ಪ್ರಧಾನ ಗುಂಪು ಇದೆಯೇ? ಇದ್ದರೆ ಪ್ರತಿಯೊಬ್ಬರ ಕಡತವನ್ನೂ ಪ್ರತಿಯೊಬ್ಬರೂ ತಿದ್ದಲು ದಾರಿ ತೆರೆಯುತ್ತದೆ. ಪ್ರತಿ ಬಳಕೆದಾರರಿಗೆ ಅವರದೇ ಹೆಸರಿನ ಒಂಟಿ ಗುಂಪು ಇರುವ ಕ್ರಮದಲ್ಲಿ ಮಾತ್ರ 002 ಕ್ಷೇಮ.

ಮನೆ ಕೋಶಗಳ ಬಗೆಗೂ ಇದೇ ಎಚ್ಚರ ಬೇಕು. ಉಬುಂಟುವಿನಲ್ಲಿ ಹೊಸ ಮನೆ ಕೋಶದ ಅನುಮತಿ ಬಹುಕಾಲ 755 ಆಗಿತ್ತು. ಅದು 750 ಆದದ್ದು 2021ರ ಏಪ್ರಿಲಿನ 21.04 ಆವೃತ್ತಿಯಲ್ಲಿ. ಕೇಂದ್ರದ ಬಳಕೆದಾರರ ಮನೆ ಕೋಶವನ್ನು ಸಾಮಾನ್ಯವಾಗಿ ಅವರು ಮೊದಲ ಸಲ ಪ್ರವೇಶಿಸಿದಾಗ ಬೇರೊಂದು ಘಟಕ ಸೃಷ್ಟಿಸುತ್ತದೆ. ಅದರ ಯುಮಾಸ್ಕ್ ಎಷ್ಟಿದೆ ಎಂದು ಪ್ರತ್ಯೇಕವಾಗಿ ನೋಡಬೇಕು.

ಇನ್ನೊಂದು ಸಂಗತಿ ಹೊಸಬರನ್ನು ಗೊಂದಲಕ್ಕೀಡುಮಾಡುತ್ತದೆ. ಬಳಕೆದಾರರ ಗುಂಪುಗಳ ಪಟ್ಟಿ ಪ್ರವೇಶದ ಹೊತ್ತಿಗೆ ನಿಗದಿಯಾಗುತ್ತದೆ. ಈಗ ತಾನೇ ಸೇರಿಸಿದ ಸದಸ್ಯರು ಹೊರಹೋಗಿ ಮತ್ತೆ ಪ್ರವೇಶಿಸಬೇಕು. ಎಸ್‌ಎಸ್‌ಎಸ್‌ಡಿ ಕೂಡ ಕೇಂದ್ರದ ಉತ್ತರಗಳನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ; ಬದಲಿಸದಿದ್ದರೆ ಆ ಅವಧಿ 5400 ಸೆಕೆಂಡುಗಳು, ಅಂದರೆ ಒಂದೂವರೆ ಗಂಟೆ. ಸೇರಿಸಿದ ಐದು ನಿಮಿಷಕ್ಕೆ 'ಕೆಲಸ ಮಾಡುತ್ತಿಲ್ಲ' ಎಂದು 777ಕ್ಕೆ ಕೈಹಾಕುವವರು ಇದನ್ನು ನೆನಪಿಡಬೇಕು. ತೆಗೆದುಹಾಕಿದ ಸದಸ್ಯರ ವಿಷಯದಲ್ಲೂ ಹೀಗೆಯೇ: ಅವರ ತೆರೆದ ಅಧಿವೇಶನ ಮುಗಿಯುವವರೆಗೆ ಹಳೆಯ ಹಕ್ಕು ಉಳಿದಿರುತ್ತದೆ.

ಎಸಿಎಲ್‌ನ ಗುಣದೋಷ

ಒಂದು ಕೋಶಕ್ಕೆ ಒಂದೇ ಗುಂಪು ಎಂಬುದು 9 ಬಿಟ್ಟುಗಳ ಮಿತಿ. ವಿದ್ಯಾರ್ಥಿಗಳು ಬರೆಯಬೇಕು, ಮಾರ್ಗದರ್ಶಕರು ಓದಬೇಕು, ಉಳಿದವರು ನೋಡಬಾರದು ಎಂದರೆ ಎರಡು ಗುಂಪುಗಳು ಬೇಕು. ಎಸಿಎಲ್ ಎಂಬ ಅನುಮತಿ ಪಟ್ಟಿ ಬಂದದ್ದು ಇದಕ್ಕಾಗಿ. ಪಾಸಿಕ್ಸ್ ಮಾನಕದ ಭಾಗವಾಗಬೇಕಿದ್ದ ಅದರ ಕರಡು ಎಂದೂ ಪೂರ್ಣಗೊಳ್ಳಲಿಲ್ಲ. ಆದರೂ 2003ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ ಕರ್ನಲ್ 2.6 ಅದನ್ನು ಒಳಗೊಂಡಿತು. 'ಸೆಟ್‌ಎಫ್‌ಎಸಿಎಲ್' ಆಜ್ಞೆಯಿಂದ ಎಷ್ಟು ಗುಂಪುಗಳಿಗಾದರೂ ಬೇರೆ ಬೇರೆ ಅನುಮತಿ ಕೊಡಬಹುದು. ಕೋಶಕ್ಕೆ 'ಡಿಫಾಲ್ಟ್' ಪಟ್ಟಿಯೊಂದನ್ನು ಕೊಟ್ಟರೆ ಅಲ್ಲಿ ಮುಂದೆ ಹುಟ್ಟುವ ಕಡತಗಳಿಗೆ ಅದೇ ಪಟ್ಟಿ ಬರುತ್ತದೆ. ಯುಮಾಸ್ಕ್ ಅಲ್ಲಿ ಅಡ್ಡಬರುವುದಿಲ್ಲ.

ಇದು ಉಪಯುಕ್ತ ಸಾಧನ. ಆದರೆ ಸರಳತೆ ಇಲ್ಲಿ ಕೈಬಿಟ್ಟುಹೋಗಿದೆ. ಪಟ್ಟಿಯಿರುವ ಕಡತಕ್ಕೆ 'ಎಲ್‌ಎಸ್ -ಎಲ್' ತೋರಿಸುವುದು ಸಾಲಿನಲ್ಲಿ ಒಂದು ಅಧಿಕ ಚಿಹ್ನೆ ಮಾತ್ರ. ವಿವರಕ್ಕೆ 'ಗೆಟ್‌ಎಫ್‌ಎಸಿಎಲ್' ಬೇಕು. ಅಷ್ಟೇ ಅಲ್ಲ, ಆಗ ಗುಂಪಿನ ಜಾಗದಲ್ಲಿ ಕಾಣುವ ಮೂರು ಬಿಟ್ಟುಗಳು ಗುಂಪಿನವಲ್ಲ, 'ಮಾಸ್ಕ್' ಎಂಬ ಗರಿಷ್ಠ ಮಿತಿಯವು. ಅಭ್ಯಾಸಬಲದಿಂದ ಆ ಕೋಶಕ್ಕೆ 'ಚ್‌ಮಾಡ್ 700' ಕೊಟ್ಟರೆ ಮಾಸ್ಕ್ ಸೊನ್ನೆಯಾಗಿ, ಪಟ್ಟಿಯಲ್ಲಿದ್ದ ಎಲ್ಲ ಗುಂಪುಗಳ ಅನುಮತಿಯೂ ಒಮ್ಮೆಗೇ ನಿಷ್ಫಲವಾಗುತ್ತದೆ. ಪಟ್ಟಿ ಮಾತ್ರ ಅಲ್ಲೇ ಇರುತ್ತದೆ! ಡಿಫಾಲ್ಟ್ ಪಟ್ಟಿಯೂ ಹೊಸದಾಗಿ ಹುಟ್ಟುವ ಕಡತಗಳಿಗೆ ಮಾತ್ರ. ಅದೇ ಡಿಸ್ಕಿನ ಬೇರೊಂದು ಕೋಶದಿಂದ 'ಎಂವಿ' ಆಜ್ಞೆಯಲ್ಲಿ ಸರಿಸಿದ ಕಡತ ತನ್ನ ಹಳೆಯ ಗುಂಪು, ಹಳೆಯ ಅನುಮತಿಯೊಂದಿಗೇ ಬರುತ್ತದೆ. ಆದ್ದರಿಂದ ನನ್ನ ಅಭಿಪ್ರಾಯ ಇದು: ಎರಡನೆಯ ಗುಂಪು ನಿಜವಾಗಿ ಬೇಕಾದಾಗ ಮಾತ್ರ ಎಸಿಎಲ್ ಬಳಸಿ, ಅದರಲ್ಲೂ ವ್ಯಕ್ತಿಗಳ ಹೆಸರನ್ನು ಬರೆಯಬೇಡಿ.

ಕೋಶ ಜಾಲದ ಆಚೆ ಇದ್ದಾಗ

ಕೋಶವನ್ನು ಎನ್‌ಎಫ್‌ಎಸ್ ಮೂಲಕ ಎಲ್ಲ ಕಂಪ್ಯೂಟರುಗಳಿಗೂ ಹಂಚಿದಾಗ ಇನ್ನೊಂದು ದೌರ್ಬಲ್ಯ ಬಯಲಾಗುತ್ತದೆ. ಅದರ ಸಾಂಪ್ರದಾಯಿಕ ಕ್ರಮದಲ್ಲಿ ಕಂಪ್ಯೂಟರು ಸರ್ವರಿಗೆ 'ಈ ಕೋರಿಕೆ ಇಂಥ ಸಂಖ್ಯೆಯವರದು' ಎನ್ನುತ್ತದೆ, ಸರ್ವರು ನಂಬುತ್ತದೆ. ರೂಟ್ ಎಂದು ಹೇಳಿಕೊಂಡರೆ ಸರ್ವರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೆ ಒಂದು ಕಂಪ್ಯೂಟರಿನಲ್ಲಿ ರೂಟ್ ಅಧಿಕಾರ ಪಡೆದವರು ಬೇರೆ ಯಾವ ಬಳಕೆದಾರರ ವೇಷವನ್ನಾದರೂ ತೊಡಬಹುದು. ಹಾಜರಿ ಕೂಗಿದಾಗ ಇನ್ನೊಬ್ಬರ ಪರವಾಗಿ 'ಎಸ್ ಸಾರ್' ಎನ್ನುವುದು ನಮಗೆ ಗೊತ್ತಿರುವ ವಿದ್ಯೆಯೇ ತಾನೇ? ಗುರುತಿಗೆ ಪುರಾವೆ ಬೇಕಾದರೆ, ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡ ಕರ್ಬೆರೋಸ್ ವಿಧಾನವನ್ನು ಎನ್‌ಎಫ್‌ಎಸ್ ಜೊತೆಗೆ ಬಳಸಬೇಕು.

ಈ ಸಾಂಪ್ರದಾಯಿಕ ಕ್ರಮದ ಕೋರಿಕೆಯಲ್ಲಿ ಪ್ರಧಾನ ಗುಂಪಿನ ಜೊತೆಗೆ ಕಳುಹಿಸಬಹುದಾದ ಇತರ ಗುಂಪುಗಳ ಸಂಖ್ಯೆ ಹೆಚ್ಚೆಂದರೆ 16. ಕೇಂದ್ರ ದಾಖಲೆಯಲ್ಲಿ ಅಧ್ಯಾಪಕರೊಬ್ಬರನ್ನು 20 ಗುಂಪುಗಳಿಗೆ ಸೇರಿಸಿದರೆ, ಕೆಲವು ಕೋಶಗಳು ಮಾತ್ರ ಅವರಿಗೆ ಕಾರಣವಿಲ್ಲದೆ ಮುಚ್ಚಿದಂತೆ ಕಾಣುತ್ತವೆ. ಗುಂಪುಗಳನ್ನು ಸರ್ವರೇ ಕೇಂದ್ರದಿಂದ ಕೇಳಿ ತಿಳಿಯುವಂತೆ ಹೊಂದಿಸುವುದು ಇದಕ್ಕೆ ಪರಿಹಾರ. ಕಾರಣ ತಿಳಿಯದವರು ಏನು ಮಾಡುತ್ತಾರೆಂದು ಮತ್ತೆ ಹೇಳಬೇಕಾಗಿಲ್ಲ.

ತೀರ್ಮಾನ

ಹಾಗಾದರೆ ದೋಷ ಯಾರದು? 9 ಬಿಟ್ಟುಗಳು ತಮ್ಮ ಕೆಲಸವನ್ನು ಇಂದಿಗೂ ಸರಿಯಾಗಿ ಮಾಡುತ್ತಿವೆ. ಕೇಂದ್ರ ದಾಖಲೆಯೂ ತನ್ನ ಕೆಲಸ ಮಾಡುತ್ತಿದೆ. ದೋಷ ಇರುವುದು ಇವೆರಡರ ಬೆಸುಗೆಯಲ್ಲಿ. ಅಲ್ಲಿ ವ್ಯವಸ್ಥೆ ನಮಗೆ ಕೊಡುವುದು ಒಂದು ಸಂಖ್ಯೆಯನ್ನು ಮಾತ್ರ. ಅದು ತಪ್ಪಿದಾಗ ಬರುವುದು 'ಅನುಮತಿ ಇಲ್ಲ' ಎಂಬ ಒಂದೇ ಸಂದೇಶ. ಮೇಲಿನ ಕೋಶ ಮುಚ್ಚಿದೆಯೋ, ಗುಂಪು ತಪ್ಪಿದೆಯೋ, ಮಾಸ್ಕ್ ಸೊನ್ನೆಯೋ ಎಂದು ಅದು ಹೇಳುವುದಿಲ್ಲ. ಕಾರಣ ಹೇಳದ ಕಾವಲುಗಾರನನ್ನು ಜನ ತಳ್ಳಿಕೊಂಡು ಹೋಗುತ್ತಾರೆ. ವಿನ್ಯಾಸದ ಮೇಲೆ ನನ್ನ ದೂರು ಇಷ್ಟು. ಉಳಿದದ್ದು ನಮ್ಮ ಮೇಲಿನ ದೂರು: ನಾವು ಇದನ್ನು ಕಲಿಸಲಿಲ್ಲ.

ಆ ಕಡತಗಳನ್ನು ಕಳೆದುಕೊಂಡ ಮೇಲೆ ನಮ್ಮ ಪ್ರಯೋಗಾಲಯದ ಕೋಶಕ್ಕೆ ಕೊಟ್ಟ ಅನುಮತಿ 3770. ಮುಂದಿನ 3 ಎಂದರೆ ಸೆಟ್‌ಜಿಐಡಿಯ 2 ಮತ್ತು ಅಂಟು ಬಿಟ್ಟಿನ 1. ಒಡೆತನ ಮೇಲ್ವಿಚಾರಕ ಅಧ್ಯಾಪಕರದು, ಗುಂಪು ಕೇಂದ್ರ ದಾಖಲೆಯದು, ಯುಮಾಸ್ಕ್ 027. ಗುಂಪಿನವರೆಲ್ಲ ಕಡತ ಸೇರಿಸಬಹುದು, ಪರಸ್ಪರರ ಅಳತೆಗಳನ್ನು ಓದಬಹುದು. ತಿದ್ದುವುದು ಬರೆದವರಿಗೆ ಮಾತ್ರ ಸಾಧ್ಯ, ಅಳಿಸುವುದು ಬರೆದವರಿಗೆ ಮತ್ತು ಅಧ್ಯಾಪಕರಿಗೆ. ವಿಜ್ಞಾನದ ಕೆಲಸಕ್ಕೆ ಬೇಕಾದದ್ದೂ ಇದೇ ಅಲ್ಲವೇ?

ನೀವೂ ಒಂದು ಪ್ರಯೋಗ ಮಾಡಿ. ಇಬ್ಬರು ವಿದ್ಯಾರ್ಥಿಗಳನ್ನು ಕೂರಿಸಿ, ಒಂದು ಕೋಶಕ್ಕೆ 777, 1777, 2770, 3770 ಎಂದು ಒಂದೊಂದಾಗಿ ಕೊಡಿ. ಪ್ರತಿ ಸಲವೂ ಒಬ್ಬರು ಕಡತ ಬರೆಯಲಿ. ಇನ್ನೊಬ್ಬರು ಅದನ್ನು ಓದಲು, ತಿದ್ದಲು, ಅಳಿಸಲು ಯತ್ನಿಸಲಿ. ಇಬ್ಬರೂ ಕೋಶದ ಒಡೆಯರಾಗಿರದೆ ಅದರ ಗುಂಪಿನ ಸದಸ್ಯರಾಗಿರಲಿ. ಫಲಿತಾಂಶವನ್ನು ಕೋಷ್ಟಕದಲ್ಲಿ ಬರೆದು, ಪ್ರತಿ 'ಅನುಮತಿ ಇಲ್ಲ' ಎಂಬುದರ ಎದುರಿಗೂ ಕಾರಣ ಬರೆಯಲಿ. ಅರ್ಧ ಗಂಟೆಯ ಕೆಲಸ. ಅಂದು ನಾನು ಆ ಅರ್ಧ ಗಂಟೆಯನ್ನು ಉಳಿಸಿದೆ. ಅದಕ್ಕಾಗಿ ಒಬ್ಬ ಹುಡುಗ 2 ವಾರ ತಲೆ ತಗ್ಗಿಸಿ ಓಡಾಡಿದ.